ಚಿತ್ತಾರದ ಹೆಚ್ಚುವ ಮಣೆ: ರಸಿಕರಿಗೊಂದು ಕೈಪಿಡಿ

ಬೇರೆ ಬೇರೆ ಬಣ್ಣದ ಕಟ್ಟಿಗೆಯ ಪಟ್ಟಿಗಳನ್ನು ಅಂಟಿಸಿ, ಕೊಯ್ದು, ತಿರುಗಿಸಿ, ಮತ್ತೆ ಅಂಟಿಸಿದರೆ ಚಿತ್ತಾರದ ಹೆಚ್ಚುವ ಮಣೆ ಆಗುತ್ತದೆ. ಕಾಯಿಪಲ್ಲೆ ಹೆಚ್ಚಲು ಈಳಿಗೆಯ ಜಾಗಕ್ಕೆ ಚಾಕು ಬಂದಾಗ ಅದರ ಜೊತೆಗೆ ಮಣೆಯೂ ಬಂತು. ಹುಬ್ಬಳ್ಳಿಯ ವಿದ್ಯಾನಗರದಂಥ ಬಡಾವಣೆಯಲ್ಲಿ ಮನೆಯ ಹಿತ್ತಲೋ ಗ್ಯಾರೇಜೋ ಇದರ ತಯಾರಿಗೆ ಸಾಕು. ಟೇಬಲ್ ಗರಗಸ, ಕೀಸುಳಿ, ನಾಲ್ಕಾರು ಕ್ಲ್ಯಾಂಪುಗಳಿದ್ದರೆ ಕೆಲಸ ನಡೆಯುತ್ತದೆ.

ಮೈಸೂರಿನ ಬೀಟೆ ಮರದ ಕೆತ್ತನೆ-ಜೋಡಣೆಯಲ್ಲಿ ಚಿತ್ರದ ತುಣುಕುಗಳು ಹಲಗೆಯ ಮೇಲೆ ಕೊರೆದ ತೆಳು ಗುಳಿಗಳಲ್ಲಿ ಕೂರುತ್ತವೆ. ಹೆಚ್ಚುವ ಮಣೆಯಲ್ಲಿ ಹಾಗಲ್ಲ. ಚಿತ್ತಾರ ಮೇಲಿನಿಂದ ಕೆಳಗಿನವರೆಗೂ ಇಳಿದಿರುತ್ತದೆ. ಬಳಸಿ ಸವೆದ ಮೇಲೆ ಎರಡು ಮಿಲಿಮೀಟರ್ ಕೀಸಿದರೂ ಅದು ಅಳಿಸದು. ಆದ್ದರಿಂದ ಮಣೆ ಕೈಗೆ ಸಿಕ್ಕಾಗ ಮೊದಲು ಮಗುಚಿ ನೋಡಬೇಕು. ಬೆನ್ನಿಗೂ ಅದೇ ಚಿತ್ರವಿದ್ದರೆ ಅದು ನಿಜವಾದ ಜೋಡಣೆ.

ಎಳೆಯ ದಿಕ್ಕು

ಎಳೆ ಮಲಗಿದ ಮಣೆಯಲ್ಲಿ ಗೆರೆಗಳು ಮೇಲ್ಮೈಯ ಉದ್ದಕ್ಕೂ ಹರಿಯುತ್ತವೆ. ಚಾಕು ಅವನ್ನು ಅಡ್ಡ ಕತ್ತರಿಸಿ ಗೀರು ಉಳಿಸುತ್ತದೆ. ಎಳೆ ನಿಂತ ಮಣೆಯಲ್ಲಿ ಮೇಲೆ ಕಾಣುವುದು ಎಳೆಗಳ ತುದಿ ಮಾತ್ರ: ಗೆರೆಗಳ ಬದಲು ಸಣ್ಣ ರಂಧ್ರಗಳು, ಬೆಳವಣಿಗೆಯ ಉಂಗುರದ ತುಣುಕುಗಳು. ಇಲ್ಲಿ ಚಾಕು ಎಳೆಗಳ ನಡುವೆ ಇಳಿಯುತ್ತದೆ, ತೆಗೆದಾಗ ಆ ಗುರುತು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಅಲಗೂ ಬೇಗ ಮೊಂಡಾಗದು. ಮಟನ್ ಅಂಗಡಿಯಲ್ಲಿ ಹುಣಸೆ ಕಾಂಡವನ್ನು ಅಡ್ಡ ಕೊಯ್ದು ನಿಲ್ಲಿಸಿದ ಕೊರಡಿನಲ್ಲೂ ಎಳೆ ನಿಂತೇ ಇರುತ್ತದೆ.

ಚದುರಂಗದ ಲೆಕ್ಕ

ಎಳೆ ನಿಂತ ಮಣೆಗಳಲ್ಲಿ ಚದುರಂಗ ವಿನ್ಯಾಸವೇ ಮೊದಲ ಪಾಠ. 4 ಸೆಂ.ಮೀ. ಅಗಲ, ಅಷ್ಟೇ ದಪ್ಪದ 8 ಪಟ್ಟಿಗಳನ್ನು ಒಂದು ಕಪ್ಪು, ಒಂದು ತಿಳಿ ಎಂಬಂತೆ ಅಂಟಿಸಿದರೆ 32 ಸೆಂ.ಮೀ. ಅಗಲದ ಹಲಗೆ ಸಿಗುತ್ತದೆ. ಅದನ್ನು ಅಡ್ಡಲಾಗಿ 3 ಸೆಂ.ಮೀ.ಗೆ ಒಂದರಂತೆ 8 ತುಂಡು ಮಾಡಬೇಕು. ಪ್ರತಿ ಕೊಯ್ತಕ್ಕೂ ಗರಗಸ ಸುಮಾರು 3 ಮಿ.ಮೀ. ಕಟ್ಟಿಗೆಯನ್ನು ಪುಡಿಯಾಗಿಸುವುದರಿಂದ ಹಲಗೆ 27 ಸೆಂ.ಮೀ.ನಷ್ಟಾದರೂ ಉದ್ದವಿರಬೇಕು. ತುಂಡುಗಳನ್ನು ಎಳೆಯ ತುದಿ ಮೇಲೆ ಬರುವಂತೆ ಹೊರಳಿಸಿ, ಒಂದು ಬಿಟ್ಟು ಒಂದನ್ನು ತುದಿಗೆ ತುದಿ ತಿರುಗಿಸಿ ಅಂಟಿಸಿದರೆ 64 ಮನೆಗಳು ಮೂಡುತ್ತವೆ. ಮೊದಲಿನ ಪಟ್ಟಿಗಳು ಸರಿಸಂಖ್ಯೆಯಲ್ಲಿದ್ದರೆ ಮಾತ್ರ ಇದು ಸಾಧ್ಯ. ಬೆಸಸಂಖ್ಯೆಯ ಪಟ್ಟಿಗಳನ್ನು ತಿರುಗಿಸಿದರೂ ಬಣ್ಣದ ಸಾಲು ಮೊದಲಿನಂತೆಯೇ ಇರುತ್ತದೆ.

ಕುಶಲತೆ ಕಾಣುವುದು ನಾಲ್ಕು ಮನೆಗಳು ಕೂಡುವ ಮೂಲೆಯಲ್ಲಿ. ಪಟ್ಟಿಯೊಂದರಲ್ಲಿ 0.2 ಮಿ.ಮೀ. ತಪ್ಪಿದರೂ ಎಂಟು ಸೇರಿದಾಗ ಅದು 1.6 ಮಿ.ಮೀ. ಆಗುತ್ತದೆ, ಮೂಲೆಗಳು ಜಾರುತ್ತವೆ. ತುಂಡುಗಳನ್ನು ಅರ್ಧ ಮನೆ ಸರಿಸಿ ಅಂಟಿಸುವ ಇಟ್ಟಿಗೆ ವಿನ್ಯಾಸದಲ್ಲಿ ಇಂಥ ತಪ್ಪು ಅಷ್ಟಾಗಿ ಕಾಣದು. ಘನಾಕೃತಿಗಳು ಮೇಲೆದ್ದಂತೆ ತೋರುವ ವಿನ್ಯಾಸವೇ ಕಠಿಣ: ಮೂರು ಛಾಯೆಯ ಕಟ್ಟಿಗೆಯ ವಜ್ರಾಕೃತಿಗಳನ್ನು 60 ಡಿಗ್ರಿಗೆ ಕೊಯ್ಯಬೇಕು. ಆರು ಚೂಪು ಮೂಲೆಗಳು ಕೂಡುವಲ್ಲಿ ಪ್ರತಿಯೊಂದೂ ಅರ್ಧ ಡಿಗ್ರಿ ತಪ್ಪಿದರೆ 3 ಡಿಗ್ರಿಯ ಬಿರುಕು ತೆರೆಯುತ್ತದೆ.

ಕಟ್ಟಿಗೆಯ ಗುಣ

ಹುಬ್ಬಳ್ಳಿಯ ಸುತ್ತ ಸಾಗವಾನಿಗೆ ಹೆಸರಾದ ಊರು ದಾಂಡೇಲಿ. ಆದರೆ ಮಣೆಗೆ ದೊಡ್ಡ ದಿಮ್ಮಿ ಬೇಕಿಲ್ಲ. ಪೀಠೋಪಕರಣ ಮಾಡುವಲ್ಲಿ ಉಳಿದ ತುಂಡುಗಳೇ ಸಾಕು. ಸಾಗವಾನಿ ಹಿಗ್ಗುವುದು, ಕುಗ್ಗುವುದು ಕಡಿಮೆ. ಅದರಲ್ಲಿನ ಸಿಲಿಕಾದಿಂದ ಅಲಗು ಬೇಗ ಮೊಂಡಾಗುತ್ತದೆ. ಎಣ್ಣೆಯಂಶವಿರುವುದರಿಂದ ಕೀಸಿದ ಕೂಡಲೇ ಅಂಟಿಸುವುದು ಲೇಸು. ಬೀಟೆ ಗಾಢ ಬಣ್ಣ ಕೊಡುತ್ತದೆ. ಹಲಸಿನ ಹಳದಿ ವರ್ಷ ಕಳೆದಂತೆ ಕಂದಾಗುತ್ತದೆ, ಇಬ್ಬಣ್ಣದ ವ್ಯತ್ಯಾಸವೂ ಕುಗ್ಗುತ್ತದೆ. ಹೊನ್ನೆ ನೀರಿಗೆ ಬಣ್ಣ ಬಿಡುವುದರಿಂದ ಅಡುಗೆಮನೆಗೆ ಒಗ್ಗದು.

ಎಳೆಯ ಉದ್ದಕ್ಕೆ ಕಟ್ಟಿಗೆ ಹೆಚ್ಚು ಹಿಗ್ಗದು, ಅಡ್ಡಕ್ಕೆ ಹಿಗ್ಗುತ್ತದೆ. ಹುಬ್ಬಳ್ಳಿಯ ಒಣ ಬೇಸಿಗೆಯಲ್ಲಿ ಅಂಟಿಸಿದ ಮಣೆ ಮಳೆಗಾಲದ ತೇವಕ್ಕೆ ಉಬ್ಬುತ್ತದೆ. ಎಳೆ ನಿಂತ ಮಣೆ ನಾಲ್ಕೂ ಕಡೆಗೆ ಉಬ್ಬುವುದರಿಂದ ಅದರ ಸುತ್ತ ಎಳೆ ಮಲಗಿದ ಬಿಗಿ ಚೌಕಟ್ಟು ಕೂಡಿಸುವುದು ತಪ್ಪು; ಮೊದಲ ನೋಟಕ್ಕೆ ಚೆಂದ ಕಂಡರೂ ಮಳೆಗಾಲದಲ್ಲಿ ಸಂದುಗಳು ಬಿಡುತ್ತವೆ. ಅಂಟು ನೀರು ತಡೆಯುವಂಥದ್ದಾಗಿರಬೇಕು.

ಮೆರುಗು ಮತ್ತು ಆರೈಕೆ

ಒಳ್ಳೆಯ ಮಣೆಯನ್ನು ಒರಟಿನಿಂದ ನಯದವರೆಗೆ ಪಾಲಿಶ್ ಪೇಪರಿನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಎದ್ದ ಎಳೆಗಳನ್ನು ಮತ್ತೆ ಉಜ್ಜಿರುತ್ತಾರೆ. ವಾರ್ನಿಶ್ ಪದರ ಚಾಕುವಿನ ಏಟಿಗೆ ಚೂರಾಗಿ ಆಹಾರಕ್ಕೆ ಸೇರುತ್ತದೆ. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್, ಅದರ ಮೇಲೆ ಜೇನುಮೇಣ ಸೂಕ್ತ. ಶೇಂಗಾ ಎಣ್ಣೆ ಒಣಗದೆ ಕಮಟು ವಾಸನೆ ಹಿಡಿಯುತ್ತದೆ. ಎಣ್ಣೆಯನ್ನು ಎರಡೂ ಮಗ್ಗುಲಿಗೆ ಸಮನಾಗಿ ಹಚ್ಚಬೇಕು. ಇಲ್ಲದಿದ್ದರೆ ಮಣೆ ಬಾಗುತ್ತದೆ. ಬಳಸಿದ ಮೇಲೆ ನೀರಲ್ಲಿ ನೆನೆಹಾಕದೆ ತೊಳೆದು, ಒರೆಸಿ, ಗಾಳಿಯಾಡುವಂತೆ ನಿಲ್ಲಿಸಿಡಬೇಕು.

ಬಣ್ಣಗಳ ಸಂಖ್ಯೆಯಿಂದ ಮಣೆಯನ್ನು ಅಳೆಯಲಾಗದು. ಮೂಲೆ ಕೂಡದ ಐದು ಬಣ್ಣದ ಮಣೆಗಿಂತ ಮೂಲೆ ಕೂಡಿದ ಎರಡು ಬಣ್ಣದ ಮಣೆಯೇ ಮೇಲು.