ಹಕ್ಕಿ ಕೇಳಿದ ಪ್ರಶ್ನೆ

ಮಕ್ಕಳಿಗಾಗಿ ಬರೆದುದನ್ನು ನಮ್ಮ ವಿಮರ್ಶಕರು ಕೈಗೆತ್ತಿಕೊಳ್ಳುವುದು ಅಪರೂಪ. ಟೆಲಿವಿಷನ್ನಿಗಾಗಿ ಬರೆದುದನ್ನಂತೂ ಕೃತಿಯೆಂದು ಎಣಿಸುವವರೇ ಕಡಮೆ. ಎಷ್ಟೋ ಮನೆಗಳಲ್ಲಿ ಕೂಸು ಅಜ್ಜಿಯ ಕತೆಗಿಂತ ಮೊದಲು ಫೋನಿನ ಕತೆ ಕೇಳುತ್ತಿರುವ ಈ ಕಾಲದಲ್ಲಿ ಇಂಥ ಉದಾಸೀನ ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿತು. ಅದು ವೈದ್ಯರ ಮಾತು. ಆ ಒಂದು ಗಂಟೆಯಲ್ಲಿ ಏನಿರಬೇಕು, ಮಗುವಿನ ಪಕ್ಕದಲ್ಲಿ ಯಾರಿರಬೇಕು ಎಂಬುದು ವಿಮರ್ಶೆಗೆ ಸೇರಿದ ಮಾತು.

ಈ ದೃಷ್ಟಿಯಿಂದ ಅಮೆರಿಕದ ‘ಸೆಸಮಿ ಸ್ಟ್ರೀಟ್’ ನನಗೆ ಒಂದು ಮುಖ್ಯ ಕೃತಿಯಾಗಿ ಕಾಣುತ್ತದೆ. 1969ರ ನವೆಂಬರ್ 10ರಂದು ಅದರ ಪ್ರಸಾರ ಮೊದಲಾಯಿತು. ಬಡವರ ಮಕ್ಕಳು ಶಾಲೆ ಸೇರುವ ಮೊದಲೇ ಹಿಂದೆ ಬೀಳಬಾರದೆಂಬುದು ಜೋನ್ ಗಾಂಜ್ ಕೂನಿ ಮತ್ತು ಆಕೆಯ ಸಂಗಡಿಗರ ಉದ್ದೇಶ. ಬೊಂಬೆಗಳನ್ನೂ ಮನುಷ್ಯರನ್ನೂ ಒಟ್ಟಿಗೆ ತೋರಿಸಿದರೆ ಮಕ್ಕಳಿಗೆ ಗೊಂದಲವಾದೀತೆಂದು ಪಂಡಿತರು ಹೆದರಿದ್ದರು. ಪರೀಕ್ಷೆ ಮಾಡಿದಾಗ, ಬರಿಯ ಮನುಷ್ಯರಿರುವ ಬೀದಿ ಬಂದೊಡನೆ ಮಕ್ಕಳು ಮುಖ ತಿರುಗಿಸಿದರು. ಆಗ ಜಿಮ್ ಹೆನ್ಸನ್ ಆ ಬೀದಿಗಿಳಿಸಿದುದು ಬಿಗ್ ಬರ್ಡ್ ಎಂಬ ಎಂಟಡಿ ಮೀರಿದ ಹಳದಿ ಹಕ್ಕಿಯನ್ನು. ಮೈ ದೊಡ್ಡದು, ಮನಸ್ಸು ಆರು ವರ್ಷದ ಮಗುವಿನದು.

1982ರ ಡಿಸೆಂಬರಿನಲ್ಲಿ, ಬೀದಿಯ ಅಂಗಡಿಕಾರ ಹೂಪರನ ಪಾತ್ರ ವಹಿಸುತ್ತಿದ್ದ ವಿಲ್ ಲೀ ತೀರಿಕೊಂಡರು. ಹೂಪರ್ ಬೇರೆ ಊರಿಗೆ ಹೋದನೆಂದು ಹೇಳಿ ಮುಗಿಸಬಹುದಾಗಿತ್ತು. ಬರಹಗಾರರು ಹಾಗೆ ಮಾಡಲಿಲ್ಲ. 1983ರ ನವೆಂಬರ್ 24ರ ಕಂತಿನಲ್ಲಿ ಹಕ್ಕಿ ತಾನು ಬರೆದ ಚಿತ್ರಗಳನ್ನು ಹಿರಿಯರಿಗೆಲ್ಲ ಹಂಚಿ, ಹೂಪರನ ಚಿತ್ರ ಹಿಡಿದು ಅವನನ್ನು ಹುಡುಕುತ್ತದೆ. ಸತ್ತವರು ಮರಳಿ ಬರುವುದಿಲ್ಲವೆಂದು ಹಿರಿಯರು ತಿಳಿಸುತ್ತಾರೆ. ಹಾಗಾದರೆ ತನಗೆ ಕತೆ ಹೇಳುವವರು ಯಾರು? ಹೀಗೇಕೆ ಆಗಬೇಕು? ಮೊದಲನೆಯದಕ್ಕೆ ಉತ್ತರವಿದೆ. ಎರಡನೆಯದಕ್ಕೆ ಯಾರಲ್ಲಿಯೂ ಕಾರಣವಿಲ್ಲ. ಇದ್ದಂತೆ ಅವರು ನಟಿಸುವುದೂ ಇಲ್ಲ. ಹೂಪರನ ಹೆಸರನ್ನು ಯಾವಾಗಲೂ ತಪ್ಪಾಗಿ ಹೇಳುತ್ತಿದ್ದ ಹಕ್ಕಿ ಈಗಲೂ ತಪ್ಪಾಗಿಯೇ ಹೇಳುತ್ತದೆ. ತಿದ್ದಬೇಕಾದವನು ಇಲ್ಲದುದರಿಂದ ಉಳಿದವರು ತಿದ್ದುತ್ತಾರೆ. ಕರುಣರಸಕ್ಕೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಕಿಲ್ಲ.

ಅಂದು ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ತಂದೆತಾಯಿ ಮನೆಯಲ್ಲಿರುವರೆಂದೇ ಆ ದಿನವನ್ನು ಆರಿಸಿದ್ದರು. ಈ ಆಯ್ಕೆ ಸಂಭಾಷಣೆಗಿಂತ ಮಿಗಿಲಾದ ವಿವೇಕವೆಂದು ನನ್ನ ಎಣಿಕೆ. ಯಂತ್ರ ಪ್ರಶ್ನೆಯನ್ನು ಎಬ್ಬಿಸಬಲ್ಲದು. ಅತ್ತ ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಳ್ಳಲಾರದು.

ಕೃತಿಯಲ್ಲಿ ದೋಷವಿಲ್ಲವೆಂದಲ್ಲ. ಜಾಹೀರಾತಿನಿಂದ ಕಲಿತ ತುಂಡು ದೃಶ್ಯಗಳು, ಒಂದರ ರುಚಿ ನಾಲಿಗೆಗೆ ಹತ್ತುವ ಮೊದಲೇ ಇನ್ನೊಂದನ್ನು ಬಡಿಸುತ್ತವೆ. ಇಂದು ಫೋನಿನಲ್ಲಿ ಬರುವ ಅನೇಕ ಶಿಶುಗೀತೆಗಳು ಆ ಅವಸರವನ್ನು ಮಾತ್ರ ಎತ್ತಿಕೊಂಡು, ಹಿರಿಯರನ್ನು ಹೊರಗೆ ಬಿಟ್ಟಿವೆ. ಇದು ಸಣ್ಣ ನಷ್ಟವಲ್ಲ. ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳು ಎದುರಿಗೆ ಕುಳಿತು ಆಡಿಸಿದವರಿಂದ ಚೀನೀ ನುಡಿಯ ಧ್ವನಿಭೇದವನ್ನು ಕಲಿತವು. ಅದೇ ಜನ ಪರದೆಯ ಮೇಲೆ ಮಾತಾಡಿದಾಗ ಕಲಿಯಲಿಲ್ಲ.

ಕನ್ನಡದಲ್ಲಿ ಮಕ್ಕಳ ಪರದೆಗಾಗಿ ಬರೆಯುವವರು ಪಕ್ಕದಲ್ಲಿ ಕೂಡುವವರಿಗೂ ಒಂದು ಜಾಗ ಉಳಿಸಿ ಬರೆಯಬೇಕು. ಹಾಡು ಮುಗಿದೊಡನೆ ಮಗು ಮುಂದಿನ ಹಾಡಿಗೆ ಬೆರಳೊತ್ತುವಂತಿದ್ದರೆ ಆ ಕೃತಿ ಸೋತಿತೆಂದೇ ನಾನು ತಿಳಿಯುತ್ತೇನೆ. ಫೋನನ್ನು ಅಲ್ಲಿಯೇ ಬಿಟ್ಟು ಅಡುಗೆಮನೆಗೆ ಓಡಿ, “ಯಾಕಮ್ಮ ಹಾಗೆ?” ಎಂದು ಕೇಳುವಂತಿದ್ದರೆ ಬರೆದವರ ಶ್ರಮ ಸಾರ್ಥಕ.