ಥಂಡರ್‌ಬರ್ಡ್ ಕೊಟ್ಟ ಬೀಗ

2012ರ ಕೊನೆಗೆ ಪತ್ರಕರ್ತ ಗ್ಲೆನ್ ಗ್ರೀನ್‌ವಾಲ್ಡ್‌ಗೆ ಹೆಸರು ಹೇಳದ ಒಬ್ಬರಿಂದ ಮೇಲ್ ಬಂತು: ಪಿಜಿಪಿ ಹಾಕಿಕೊಳ್ಳಿ, ನಿಮ್ಮ ಹತ್ತಿರ ಮಾತಾಡೋದಿದೆ ಅಂತ. ಹೇಗೆ ಹಾಕ್ಕೋಬೇಕು ಅಂತ ವಿಡಿಯೊ ಮಾಡಿ ಕಳಿಸಿದರೂ ಗ್ರೀನ್‌ವಾಲ್ಡ್ ಹಾಕಿಕೊಳ್ಳಲಿಲ್ಲ. ಬರೆದವರು ಎಡ್ವರ್ಡ್ ಸ್ನೋಡೆನ್. ಕಾದು ಸಾಕಾಗಿ ಅವರು ಲಾರಾ ಪೊಯ್ಟ್ರಾಸ್ ಕಡೆ ತಿರುಗಿದರು.

ಗ್ರೀನ್‌ವಾಲ್ಡ್ ಸೋಮಾರಿ ಅಂತ ಬೈಯೋದು ಸುಲಭ. ಆದರೆ ಪಿಜಿಪಿಯೇ ಅಂಥ ತಲೆನೋವಾಗಿತ್ತು. 1999ರಲ್ಲೇ ಆಲ್ಮಾ ವಿಟನ್ ಮತ್ತು ಟೈಗರ್ ಎಂಬ ಸಂಶೋಧಕರು 12 ಜನರಿಗೆ 90 ನಿಮಿಷ ಕೊಟ್ಟು ಪಿಜಿಪಿ 5.0 ಬಳಸಲು ಹೇಳಿದ್ದರು. ಮೂವರು ಗುಟ್ಟಿನ ಸಂದೇಶವನ್ನು ಬೀಗವೇ ಇಲ್ಲದೆ ಕಳಿಸಿಬಿಟ್ಟರು!

ಆ ಲೆಕ್ಕದಲ್ಲಿ ಥಂಡರ್‌ಬರ್ಡ್ ದೊಡ್ಡ ಉಪಕಾರ ಮಾಡಿದೆ. ಮೊದಲು ಎನಿಗ್‌ಮೇಲ್ ಅನ್ನೋ ಆಡ್-ಆನ್ ಬೇಕಿತ್ತು, ಅದರ ಬೆನ್ನಿಗೆ ಗ್ನೂಪಿಜಿ. 2020ರ 78ನೇ ಆವೃತ್ತಿಯಿಂದ ಓಪನ್‌ಪಿಜಿಪಿ ಒಳಗೇ ಇದೆ. ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ, ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ತೆರೆದು, ಆಡ್ ಕೀ ಒತ್ತಿ. ಕಾಫಿ ಆರೋದರೊಳಗೆ ಜೋಡಿ ಕೀಲಿ ತಯಾರು. ಒಂದನ್ನು ಊರಿಗೆಲ್ಲ ಹಂಚಬಹುದು, ಇನ್ನೊಂದು ನಿಮ್ಮ ಹತ್ತಿರವೇ ಇರಬೇಕು. ಬೇರೆಯವರ ಕೀಲಿ ಬಂದಾಗ ಅದು ನಿಜಕ್ಕೂ ಅವರದ್ದೇ ಅಂತ ಪರೀಕ್ಷಿಸಿದ್ದೀರಾ, ಇಲ್ಲಾ ಸುಮ್ಮನೆ ಒಪ್ಪಿಕೊಳ್ಳುತ್ತಿದ್ದೀರಾ ಅಂತಲೂ ಕೇಳುತ್ತೆ. ಈ ಪ್ರಾಮಾಣಿಕತೆ ನನಗೆ ಇಷ್ಟ. ಫೋನ್ ಮಾಡಿ ಫಿಂಗರ್‌ಪ್ರಿಂಟ್ ಓದಿಸಿಕೊಳ್ಳುವ ತಾಳ್ಮೆ ಎಷ್ಟು ಜನಕ್ಕಿದೆಯೋ, ಅದು ಬೇರೆ ಮಾತು.

ನನ್ನ ತಕರಾರು ಇರೋದು ಆಮೇಲಿನದ್ದರ ಬಗ್ಗೆ. ನಿಮ್ಮ ಗುಟ್ಟಿನ ಕೀಲಿಗೆ ಕಾವಲು ಅಂದರೆ ಪ್ರೈಮರಿ ಪಾಸ್‌ವರ್ಡ್. ಅದು ತಾನಾಗಿ ಆನ್ ಆಗಿರಲ್ಲ, ನೀವೇ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಹಾಕಬೇಕು. ಹಾಕದಿದ್ದರೆ, ನಿಮ್ಮ ತೆರೆದ ಲ್ಯಾಪ್‌ಟಾಪ್ ಮುಂದೆ ಕೂತವರಿಗೆ ಮೇಲ್ ಜೊತೆ ಕೀಲಿಯೂ ಸಿಕ್ಕಂತೆ. ಬೀಗ ಜಡಿದು ಕೀಲಿಕೈಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ ಹೋದ ಹಾಗೆ. ಇಷ್ಟು ಮುಖ್ಯವಾದದ್ದು ಕೀಲಿ ಮಾಡುವ ಕಿಟಕಿಯಲ್ಲೇ, ಕಣ್ಣಿಗೆ ಹೊಡೆಯುವಂತೆ ಇರಬೇಕಿತ್ತು.

ಬೀಗ ಏನನ್ನು ಮುಚ್ಚಲ್ಲ ಅನ್ನೋದೂ ಗೊತ್ತಿರಲಿ: ಯಾರು ಯಾರಿಗೆ, ಎಷ್ಟು ಹೊತ್ತಿಗೆ ಬರೆದರು ಅನ್ನೋದು ದಾರಿಯಲ್ಲಿರುವ ಸರ್ವರ್‌ಗಳಿಗೆ ಕಾಣುತ್ತಲೇ ಇರುತ್ತೆ.

ಇನ್ನು ಬ್ಯಾಕಪ್. ಹಾರ್ಡ್ ಡಿಸ್ಕ್ ಕೈಕೊಟ್ಟ ದಿನ ಗುಟ್ಟಿನ ಕೀಲಿಯ ಪ್ರತಿ ಬೇರೆಲ್ಲೂ ಇಲ್ಲದಿದ್ದರೆ, ಬೀಗ ಹಾಕಿ ಬಂದ ಹಳೇ ಮೇಲ್‌ಗಳೆಲ್ಲ ಸರ್ವರ್‌ನಲ್ಲಿ ಭದ್ರವಾಗಿರುತ್ತವೆ, ನೀವು ಓದೋಕಾಗಲ್ಲ ಅಷ್ಟೇ. ಇಲ್ಲಿ ‘ಫರ್ಗಾಟ್ ಪಾಸ್‌ವರ್ಡ್’ ಬಟನ್ ಇಲ್ಲ. ಆಫೀಸಿನ ಐಟಿಯವರೂ ಕೈ ಚೆಲ್ಲುತ್ತಾರೆ. ಓಪನ್‌ಪಿಜಿಪಿ ಕೀ ಮ್ಯಾನೇಜರ್‌ನಲ್ಲಿ ಫೈಲ್ ಮೆನು ತೆರೆದರೆ ಗುಟ್ಟಿನ ಕೀಲಿಯ ಬ್ಯಾಕಪ್ ತೆಗೆಯುವ ಆಯ್ಕೆ ಇದೆ. ಇವತ್ತೇ ಒಂದು ಪೆನ್‌ಡ್ರೈವ್ ಹುಡುಕಿ.