‘ಕಿತ್ತೂರು ಚೆನ್ನಮ್ಮ’: ನಾಯಕನಿಲ್ಲದ ಯುದ್ಧ

ಮಾರೇನಹಳ್ಳಿಯ ಒಂದು ಮನೆಯಲ್ಲಿ ಈಚೆಗೆ ಊಟವಾದ ಮೇಲೆ ಮನೆಮಂದಿಯೆಲ್ಲ ಟೆಲಿವಿಷನ್ನಿನ ಮುಂದೆ ‘ಕಿತ್ತೂರು ಚೆನ್ನಮ್ಮ’ ಚಲಚ್ಚಿತ್ರವನ್ನು ನೋಡುತ್ತ ಕುಳಿತಿದ್ದರು. ಅಜ್ಜಿಗೆ ಅದು ಹಳೆಯ ಪರಿಚಯ. ಮೊಮ್ಮಗಳಿಗೆ ಪ್ರಥಮ ದರ್ಶನ. ಮಲ್ಲಸರ್ಜನು ಗತಿಸಿದೊಡನೆಯೇ ಹುಡುಗಿಯು, “ರಾಜ್‌ಕುಮಾರ್ ಇನ್ನು ಬರೋದೇ ಇಲ್ವಾ ಅಜ್ಜಿ?” ಎಂದು ಕೇಳಿದಳು. “ಇಲ್ಲ ಕಣೇ, ಇನ್ಮೇಲೆ ಎಲ್ಲಾ ರಾಣೀದೇ” ಎಂದು ಉತ್ತರ ಬಂದಿತು. ಈ ಚಿತ್ರವನ್ನು ಕುರಿತು ಆಡಬೇಕಾದ ಮುಖ್ಯವಾದ ಮಾತು ಆ ಪ್ರಶ್ನೋತ್ತರದಲ್ಲಿಯೇ ಅಡಗಿದೆ.

1961ರಲ್ಲಿ ಬಿ. ಆರ್. ಪಂತುಲು ಅವರು ನಿರ್ಮಿಸಿ ನಿರ್ದೇಶಿಸಿದ ಈ ಚಿತ್ರದಲ್ಲಿ ಬಿ. ಸರೋಜಾದೇವಿ, ರಾಜ್‌ಕುಮಾರ್, ಲೀಲಾವತಿ, ಅಶ್ವತ್ಥ್ ಮೊದಲಾದ ಪ್ರಸಿದ್ಧರೆಲ್ಲ ನೆರೆದಿರುವರು. ತಾರೆಯರು ನೆರೆದ ಯುದ್ಧಚಿತ್ರಗಳಿಗೆ ಸಹಜವಾದ ಒಂದು ದೋಷವುಂಟು. ಪ್ರೇಕ್ಷಕನ ಕಣ್ಣು ಪಾತ್ರವನ್ನು ಬಿಟ್ಟು ನಟನನ್ನೇ ಹಿಡಿಯುವುದು. ಅಷ್ಟು ದೊಡ್ಡ ನಟನು ಕಡೆಯವರೆಗೂ ಉಳಿದೇ ಉಳಿಯುವನೆಂಬ ಭರವಸೆಯಿಂದ ರಣರಂಗವೂ ಜಾತ್ರೆಯಂತಾಗುವುದು. ವೀರಕ್ಕೆ ಉತ್ಸಾಹವು ಸ್ಥಾಯಿಭಾವವೆಂಬುದು ಭರತನ ಮತ. ಅಪಾಯವೇ ಇಲ್ಲದೆಡೆಯಲ್ಲಿ ಉತ್ಸಾಹಕ್ಕೆ ಬೆಲೆ ಎಲ್ಲಿಯದು?

ಪಂತುಲು ಅವರೇ 1959ರಲ್ಲಿ ತಮಿಳಿನಲ್ಲಿ ತೆಗೆದ ‘ವೀರಪಾಂಡಿಯ ಕಟ್ಟಬೊಮ್ಮನ್’ ಚಿತ್ರದಲ್ಲಿ ಶಿವಾಜಿ ಗಣೇಶನ್ನರು ನೇಣುಗಂಬದವರೆಗೂ ರಂಗವನ್ನು ಬಿಡುವುದಿಲ್ಲ. ಕಿತ್ತೂರಿನ ಕಥೆ ಬೇರೆ. ಮಲ್ಲಸರ್ಜನು ತೀರಿಕೊಂಡದ್ದು 1816ರಲ್ಲಿ, ಯುದ್ಧ ನಡೆದದ್ದು 1824ರಲ್ಲಿ. ಎಂದ ಮೇಲೆ ಕನ್ನಡಿಗರ ಕಣ್ಮಣಿಯಾದ ನಟನು ಕಾಳಗದ ಹೊತ್ತಿಗೆ ಇರುವಂತಿಲ್ಲ. ಅವನಿಲ್ಲದ ಬರಿದನ್ನು ಪ್ರೇಕ್ಷಕನೂ ರಾಣಿಯೊಡನೆ ಅನುಭವಿಸುವನು. ಕರುಣವು ಇಲ್ಲಿ ವೀರಕ್ಕೆ ಹಾಸುಗಲ್ಲಾಗಿದೆ. ಸರೋಜಾದೇವಿಯವರ ಅಭಿನಯಕ್ಕೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾವ ನಿರ್ದೇಶಕನೂ ಮಾಡಲಾರನು.

ಕೊರತೆ ಇಲ್ಲವೆಂದಲ್ಲ. ಕಪ್ಪವನ್ನು ಕುರಿತ ರಾಣಿಯ ಆರ್ಭಟದ ಮಾತು ಜನರ ನಾಲಗೆಯ ಮೇಲೆ ನಿಂತಿರುವುದು ನಿಜ. ಆದರೆ ಅದರಲ್ಲಿ ನಾಟಕ ಕಂಪೆನಿಗಳ ಗಂಟಲು ಕೇಳಿಬರುತ್ತದೆ. ಕಟ್ಟಬೊಮ್ಮನ ಮಾತಿನ ನೆರಳೂ ಅದರ ಮೇಲಿದೆ. ಮೇಲಾಗಿ, ಕಿತ್ತೂರಿನ ವ್ಯಾಜ್ಯದ ಮೂಲವು ಕಪ್ಪಕ್ಕಿಂತ ದತ್ತಕದಲ್ಲಿತ್ತು. ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆಯು ದತ್ತುಪುತ್ರನನ್ನು ಒಪ್ಪದೆ ಭಂಡಾರಕ್ಕೆ ಮುದ್ರೆಯೊತ್ತಿಸಿದನು. ಡಾಲ್‌ಹೌಸಿಯು ಗವರ್ನರ್ ಜನರಲ್ಲಾಗಿ ಬಂದದ್ದು 1848ರಲ್ಲಿ. ದತ್ತಕವನ್ನು ತಳ್ಳಿ ರಾಜ್ಯ ನುಂಗುವ ನೀತಿಗೆ ಅವನ ಹೆಸರು ಅಂಟಿಕೊಳ್ಳುವುದಕ್ಕೆ ಎಷ್ಟೋ ಮುಂಚೆ ಕಿತ್ತೂರು ಅದನ್ನು ಎದುರಿಸಿತ್ತು. ಮನೆಯ ಮಗನನ್ನು ಮಗನೆಂದು ಹೇಳಲು ಪರರ ಅಪ್ಪಣೆಯೇಕೆಂಬ ಆ ಸಂಕಟವು ಕಪ್ಪದ ಗರ್ಜನೆಗಿಂತ ಆಳವಾದುದು. ಅದಕ್ಕೆ ಇನ್ನಷ್ಟು ಎಡೆ ಸಲ್ಲಬೇಕಾಗಿತ್ತು.

1824ರ ಅಕ್ಟೋಬರ್ 23ರಂದು ಥ್ಯಾಕರೆಯು ಹತನಾದನು. ಡಿಸೆಂಬರಿನಲ್ಲಿ ಕೋಟೆಯು ಬಿದ್ದಿತು. ಚಿತ್ರವು ಅಷ್ಟು ಮುಂದುವರಿಯುವ ವೇಳೆಗೆ ಹುಡುಗಿಯು ರಾಜ್‌ಕುಮಾರರ ಸುದ್ದಿಯನ್ನು ಮತ್ತೆ ಎತ್ತಿರಲಿಲ್ಲ. ಚಿತ್ರ ಮುಗಿದ ಮೇಲೆ, ರಾಣಿ ನಿಜವಾಗಿಯೂ ಏನಾದಳೆಂದು ಕೇಳಿದಳು. ಬೈಲಹೊಂಗಲದ ಸೆರೆಯನ್ನೂ 1829ರ ಮರಣವನ್ನೂ ಅಜ್ಜಿಯು ದೀಪವಾರಿಸುವ ಮುನ್ನ ಹೇಳಬೇಕಾಯಿತು.